ಡೇರೆ ನೋಡಲು ಕಟ್ಟಿದ ದುಡ್ಡು

ದುಡ್ಡಿನ ಲೆಕ್ಕ ಬರೆದಿಡದೆ ನಾನು ಯಾವ ಊರನ್ನೂ ನೋಡಿದವಳಲ್ಲ. 28 ವರ್ಷದ ಮೇಷ್ಟರಿಕೆಯಲ್ಲಿ ಅಂಟಿಕೊಂಡ ಚಾಳಿ ಅದು. ಮಂಡ್ಯ ಜಿಲ್ಲೆಯ ಸಣ್ಣ ಪಟ್ಟಣವೊಂದರ ಶಾಲೆಯಲ್ಲಿ ಸಮಾಜ ಪಾಠ ಹೇಳುವವಳು ನಾನು. ಡಿಸೆಂಬರ್ ಬಂತೆಂದರೆ ಮಕ್ಕಳನ್ನು ಕಟ್ಟಿಕೊಂಡು ಶ್ರೀರಂಗಪಟ್ಟಣಕ್ಕೋ, ಮೇಲುಕೋಟೆಗೋ, ಸೋಮನಾಥಪುರಕ್ಕೋ ಹೊರಡಬೇಕು. ಬಸ್ಸಿನ ಬಾಡಿಗೆ ಇಷ್ಟು, ಚಿತ್ರಾನ್ನದ ಅಕ್ಕಿಗೆ ಇಷ್ಟು, ತಿರುವಿನಲ್ಲಿ ವಾಂತಿ ಮಾಡಿಕೊಳ್ಳುವ ಮಕ್ಕಳ ಮೂಗಿಗೆ ಹಿಡಿಯಲು ನಿಂಬೆಹಣ್ಣಿಗೆ ಇಷ್ಟು ಎಂದು ಬರೆದಿಟ್ಟ ಉದ್ದನೆಯ ನೋಟುಪುಸ್ತಕವೊಂದು ನನ್ನ ಬೀರುವಿನಲ್ಲಿದೆ. ಅದನ್ನು ತಿರುವಿದರೆ ನಮ್ಮ ಕಾಲದ ಚರಿತ್ರೆಯೇ ಸಿಗುತ್ತದೆ. ದರಿಯಾ ದೌಲತ್ ಬಾಗಿಗೆ ದೊಡ್ಡವರ ಟಿಕೆಟ್ಟು 5 ರೂಪಾಯಿ ಇದ್ದದ್ದು 2016ರಲ್ಲಿ 15 ಆಯಿತು, 2018ರಲ್ಲಿ 25 ಆಯಿತು. 15 ವರ್ಷದೊಳಗಿನ ಮಕ್ಕಳಿಗೆ ಏನೂ ಇಲ್ಲ. ಹೊರದೇಶದವರಿಗೆ ಮಾತ್ರ 300 ರೂಪಾಯಿ. ಟಿಕೆಟ್ ಕಿಟಕಿಯ ಮುಂದೆ ಕೆಂಪು ಮುಖದ ಪ್ರವಾಸಿಗರು ಆ ಹಲಗೆ ಓದಿ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವುದನ್ನು ಕಂಡು ನಾವು ಟೀಚರುಗಳು ಸೆರಗಿನ ಮರೆಯಲ್ಲಿ ನಕ್ಕದ್ದೂ ಉಂಟು.

ಆ ನಗುವಿಗೆ ತಕ್ಕ ಶಾಸ್ತಿ 2024ರ ಬೇಸಿಗೆ ರಜೆಯಲ್ಲಿ ಆಯಿತು.

ನನ್ನ ಮಗಳು, ಅಳಿಯ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿದ್ದಾರೆ. "ಒಂದು ಸಲ ಬಂದು ಹೋಗಮ್ಮ" ಎಂದು ಆರು ವರ್ಷದಿಂದ ಗೋಗರೆಯುತ್ತಿದ್ದಳು. ಏಪ್ರಿಲ್ 26ರ ಮತದಾನದ ಡ್ಯೂಟಿ ಮುಗಿಸಿ, ಯಂತ್ರಗಳನ್ನು ಒಪ್ಪಿಸಿ, ಊದಿಕೊಂಡ ಕಾಲಿನಲ್ಲೇ ವಿಮಾನ ಹತ್ತಿದೆ. ಇರಲು ಸಿಕ್ಕಿದ್ದು ನಾಲ್ಕೇ ವಾರ. ಹೋದ ಮಾರನೆಯ ದಿನ ಅವಳು ನನ್ನ ಕೈಗೆ ಒಂದು ಕಾರ್ಡು ಇಟ್ಟಳು. ಅದರ ಮೇಲೆ ನನ್ನ ಹೆಸರು, ಓಕ್ ಮರದ ಎಲೆಗಳ ಗುರುತು.

"ಇದೇನೇ?"

"ನ್ಯಾಷನಲ್ ಟ್ರಸ್ಟಿನ ಸದಸ್ಯತ್ವ ಕಣಮ್ಮ. ಹಳೇ ಅರಮನೆ, ಕೋಟೆ, ತೋಟ ಏನಿದ್ದರೂ ವರ್ಷಪೂರ್ತಿ ಎಷ್ಟು ಸಲ ಬೇಕಾದರೂ ನೋಡಬಹುದು. ಕಾರು ನಿಲ್ಲಿಸೋಕೂ ದುಡ್ಡಿಲ್ಲ. ನಿನಗೆ ಚರಿತ್ರೆ ಅಂದರೆ ಪ್ರಾಣ ಅಲ್ವಾ?"

"ಎಷ್ಟು ಕೊಟ್ಟೆ?"

ಅವಳು ಹೇಳಲಿಲ್ಲ. ಅಳಿಯಂದಿರು ಪಾಪ, ಸುಳ್ಳು ಬಾರದವರು, 91 ಪೌಂಡು ಚಿಲ್ಲರೆ ಎಂದುಬಿಟ್ಟರು. ಆಗ ಒಂದು ಪೌಂಡಿಗೆ ನಮ್ಮ 105 ರೂಪಾಯಿಯ ಆಸುಪಾಸು. ಮನಸ್ಸಿನಲ್ಲೇ ಗುಣಿಸಿದೆ: ಒಂಬತ್ತೂವರೆ ಸಾವಿರ! ಅವರಿಬ್ಬರಿಗೂ ಮೊಮ್ಮಗನಿಗೂ ಸೇರಿ ಬೇರೆ ಕುಟುಂಬದ ಕಾರ್ಡಿತ್ತು. ಅದರಲ್ಲಿ ಅತ್ತೆಯನ್ನು ಸೇರಿಸುವ ಹಾಗಿಲ್ಲ. ಬಿಡಿಯಾಗಿ ಟಿಕೆಟ್ ಕೊಂಡರೆ ಒಂದೊಂದು ಕಡೆಗೆ ಸುಮಾರು 15 ಪೌಂಡು ಬೀಳುತ್ತದೆ, ಆರು ಕಡೆ ಹೋದರೆ ಅಸಲು ಹುಟ್ಟಿದ ಹಾಗೆ, ಆಮೇಲಿನದೆಲ್ಲ ಲಾಭ ಎಂದು ಮಗಳು ವಾದಿಸಿದಳು. ನಾಲ್ಕು ವಾರದಲ್ಲಿ ಆರು ಅರಮನೆ. ಹಬ್ಬದ ದಿನ ಆರು ಮನೆಯ ಅರಿಶಿನ ಕುಂಕುಮಕ್ಕೆ ಓಡಿದ ಹಾಗೆ ಓಡಬೇಕು. ಆವತ್ತೇ ರಾತ್ರಿ ಮೊಮ್ಮಗನ ಹಳೆಯ ಪುಸ್ತಕವೊಂದರಲ್ಲಿ ಖಾತೆ ತೆರೆದೆ. ಎಡಗಡೆ 91, ಬಲಗಡೆ ಸೊನ್ನೆ.

ಈ ಟ್ರಸ್ಟಿನ ಕಥೆಯನ್ನು ನಿಮಗೆ ಹೇಳಲೇಬೇಕು. ಅದರ ಬುಡದಲ್ಲಿ ಹೆಂಗಸರಿದ್ದಾರೆ. 1895ರಲ್ಲಿ ಮೂವರು ಸೇರಿ ಇದನ್ನು ಹುಟ್ಟುಹಾಕಿದರು. ರಾಬರ್ಟ್ ಹಂಟರ್ ಎಂಬ ವಕೀಲ, ಹಾರ್ಡ್‌ವಿಕ್ ರಾನ್ಸ್‌ಲಿ ಎಂಬ ಪಾದ್ರಿ, ಮತ್ತು ಆಕ್ಟೇವಿಯಾ ಹಿಲ್ ಎಂಬ ಮದುವೆಯಾಗದ ಹೆಂಗಸು. ಆಕ್ಟೇವಿಯಾ ಲಂಡನ್ನಿನ ಬಡವರ ಕೇರಿಗಳಲ್ಲಿ ಹಾಳುಬಿದ್ದ ಮನೆಗಳನ್ನು ರಿಪೇರಿ ಮಾಡಿಸಿ, ಬಾಡಿಗೆ ವಸೂಲಿಗೆ ಹೆಂಗಸರನ್ನೇ ನೇಮಿಸಿ, ವಾರ ವಾರ ಮನೆಮನೆಗೆ ಹೋಗಿ ಕಷ್ಟಸುಖ ವಿಚಾರಿಸಿಕೊಂಡು ಬರುವ ಪದ್ಧತಿ ಹಾಕಿದವಳು. ಒಂದೇ ಕೋಣೆಯಲ್ಲಿ ಬೇಯುವ ಸಂಸಾರಗಳಿಗೆ ಹೊರಗೆ ಕೂತು ಗಾಳಿ ಕುಡಿಯಲು ಒಂದಿಷ್ಟು ಹಸುರು ಜಾಗ ಬೇಕು ಎಂಬುದು ಅವಳ ಹಟ. ಟ್ರಸ್ಟಿಗೆ ಮೊದಲು ಸಿಕ್ಕ ಆಸ್ತಿಯೂ ಅರಮನೆಯಲ್ಲ. ವೇಲ್ಸಿನ ಕಡಲತೀರದ ಬಾರ್ಮತ್ ಊರಿನ ಮೇಲಿನ ಐದು ಎಕರೆಯಷ್ಟು ಕಲ್ಲುಗುಡ್ಡ. ಅದನ್ನು ದಾನ ಕೊಟ್ಟವಳು ಫ್ಯಾನಿ ಟಾಲ್ಬಟ್ ಎಂಬ ಇನ್ನೊಬ್ಬ ಹೆಂಗಸು. ಮರುವರ್ಷ, 1896ರಲ್ಲಿ, ಆಲ್‌ಫ್ರಿಸ್ಟನ್ನಿನಲ್ಲಿ ಬೀಳಲಾಗಿದ್ದ ಹಳೆಯ ಹುಲ್ಲುಮಾಡಿನ ಪಾದ್ರಿಮನೆಯೊಂದನ್ನು 10 ಪೌಂಡಿಗೆ ಕೊಂಡರು. ಅದೇ ಅವರು ಕೊಂಡ ಮೊದಲ ಕಟ್ಟಡ.

ದೊಡ್ಡ ಅರಮನೆಗಳು ಬಂದದ್ದು ಆಮೇಲೆ. ಸಾವಿನ ತೆರಿಗೆ ಏರುತ್ತ ಹೋದಾಗ ಜಮೀನ್ದಾರರು ಮನೆಗಳನ್ನು ಉಳಿಸಿಕೊಳ್ಳಲಾರದೆ, 1930ರ ದಶಕದ ಕೊನೆಯಿಂದೀಚೆಗೆ ಒಬ್ಬೊಬ್ಬರಾಗಿ ಟ್ರಸ್ಟಿಗೆ ಒಪ್ಪಿಸತೊಡಗಿದರು. ಮನೆ ಟ್ರಸ್ಟಿನದು, ಒಂದು ಮೂಲೆಯಲ್ಲಿ ವಾಸ ಕುಟುಂಬದ್ದು ಎಂಬ ಏರ್ಪಾಟು. ನಮ್ಮ ಕಡೆ ಮಠಕ್ಕೆ ಜಮೀನು ಬರೆದುಕೊಟ್ಟು ತಾವೇ ಉಳುಮೆ ಮಾಡಿಕೊಂಡಿದ್ದರಲ್ಲ, ಹಾಗೆ. ಈಗ ಸದಸ್ಯರು 50 ಲಕ್ಷಕ್ಕೂ ಮೇಲೆ. ಗುಡ್ಡ, ಕಾಡು, ಕಡಲತೀರ ನೋಡಲು ಇವತ್ತಿಗೂ ಯಾರೂ ಏನೂ ಕೊಡಬೇಕಾಗಿಲ್ಲ. ಗೋಡೆಯೊಳಗಿನದಕ್ಕೆ ಮಾತ್ರ ಹಣ. ಬಡವರಿಗೆ ಗಾಳಿ ಬೇಕೆಂದು ಹೊರಟ ಸಂಘ ಲಾರ್ಡುಗಳ ಸೋಫಾ ಕಾಯುವ ಕೆಲಸಕ್ಕೆ ಬಂದು ನಿಂತದ್ದು ನೋಡಿದರೆ ಆಕ್ಟೇವಿಯಾ ಏನೆನ್ನುತ್ತಿದ್ದಳೋ.

ಹಾಗೆಂದು ನಾನು ಗೊಣಗಿದ್ದಕ್ಕೇ ಇರಬೇಕು, ಮೊದಲ ಶನಿವಾರ ಮಗಳು ಬರ್ಮಿಂಗ್‌ಹ್ಯಾಮಿನ ನಡುಪೇಟೆಗೆ ಕರೆದುಕೊಂಡು ಹೋದಳು. ಅಲ್ಲಿ ಬೆನ್ನಿಗೆ ಬೆನ್ನು ಹಚ್ಚಿ ಕಟ್ಟಿದ ಕೂಲಿಯವರ ಮನೆಗಳ ಒಂದು ವಠಾರವಿದೆ. ಊರಿನಲ್ಲಿ ಅಂಥವು ಸಾವಿರಾರು ಇದ್ದವಂತೆ. ಎಲ್ಲ ಕೆಡವಿ ಉಳಿದದ್ದು ಇದೊಂದು. ಟ್ರಸ್ಟು ಅದನ್ನು ರಿಪೇರಿ ಮಾಡಿ 2004ರಲ್ಲಿ ತೆರೆದಿದೆ. ಒಂದರ ಮೇಲೊಂದು ಇಕ್ಕಟ್ಟು ಕೋಣೆ, ಕಡಿದಾದ ಮೆಟ್ಟಿಲು, ಅಂಗಳದಲ್ಲಿ ಎಲ್ಲರಿಗೂ ಸೇರಿ ಬಟ್ಟೆ ಒಗೆಯುವ ಮನೆ, ಕಕ್ಕಸು. ಬಟ್ಟೆ ಕುದಿಸುವ ಹಂಡೆಯ ಮುಂದೆ ನಾನು ಬಹಳ ಹೊತ್ತು ನಿಂತೆ. ಯಾವ ಮನೆಗೆ ಯಾವ ವಾರ ಒಗೆಯುವ ಸರದಿ ಎಂದು ಅಲ್ಲೂ ಜಗಳವಾಗಿರದೆ ಇದ್ದೀತೇ? ನಮ್ಮಜ್ಜಿಯ ವಠಾರದ ನಲ್ಲಿಯ ಜಗಳಗಳು ನೆನಪಾದವು. ಬಡವರು ಉಂಡ ತಟ್ಟೆಯನ್ನೂ ಚರಿತ್ರೆಯೆಂದು ಎತ್ತಿಟ್ಟದ್ದನ್ನು ನಾನು ಕಂಡದ್ದು ಅಪರೂಪ. ಆ ದಿನ ಖಾತೆಯ ಬಲಗಡೆ ಸಂತೋಷದಿಂದಲೇ 15 ಬರೆದೆ.

ಆಮೇಲೆ ಪ್ಯಾಕ್‌ವುಡ್, ಬ್ಯಾಡ್ಸ್‌ಲಿ ಕ್ಲಿಂಟನ್, ಹಿಡ್ಕೋಟ್ ಎಂದು ಮೂರು ಕಡೆ ಹೋದೆವು. ಚೆಂದವಾಗಿಯೇ ಇದ್ದವು. ಒಂದಕ್ಕೆ ಸುತ್ತ ಕಂದಕ, ಇನ್ನೆರಡರಲ್ಲಿ ಕತ್ತರಿಸಿ ನಿಲ್ಲಿಸಿದ ಗಿಡಗಳು, ಹೂವಿನ ಪಾತಿಗಳು. ನಾನು ಮಾಡಿಕೊಂಡು ಹೋಗಿದ್ದ ಪುಳಿಯೋಗರೆಯನ್ನು ಹುಲ್ಲಿನ ಮೇಲೆ ಕೂತು ತಿಂದೆವು. ಎಲ್ಲ ಮುಗಿದ ಮೇಲೆ ಚಹಾದಂಗಡಿಯೊಳಗೆ ಕಾಲಿಟ್ಟು ಬೆಲೆ ಓದಿ ನಾನು ಹೊರಗೆ ಬಂದೆ. ಮಗಳಿಗೆ ಸಿಟ್ಟು ಬಂತು.

"ಅಮ್ಮ, ಎಲ್ಲದಕ್ಕೂ ನೂರೈದರಿಂದ ಗುಣಿಸಬೇಡ. ನಾನು ಇಲ್ಲಿ ಸಂಬಳ ತಗೊಳ್ಳೋದೂ ಪೌಂಡಿನಲ್ಲೇ."

"ಸರಿ ಕಣೆ" ಎಂದೆ. ಆದರೆ ಗುಣಿಸುವುದನ್ನು ಬಿಡಲಿಲ್ಲ. ಖುಷಿಪಡು ಎಂದರೆ ಖುಷಿಪಡಲು ನನಗೆ ಬರುವುದಿಲ್ಲ ಎಂದು ಅವಳು ಚಿಕ್ಕವಳಿದ್ದಾಗಿನಿಂದ ಹೇಳುತ್ತ ಬಂದಿದ್ದಾಳೆ. ಇರಬಹುದು.

ಕೊನೆಯ ಶನಿವಾರಕ್ಕೆ ಎಲ್ಲಿಗೆ ಎಂಬ ಮಾತು ಬಂದಾಗ ನಾನೇ ಹೇಳಿದೆ, ಪೋವಿಸ್ ಕೋಟೆಗೆ ಹೋಗೋಣ ಎಂದು. ಅಲ್ಲಿ ಟಿಪ್ಪುವಿನ ಡೇರೆ ಇದೆ ಎಂದು ನಾನು ಬಹಳ ಹಿಂದೆಯೇ ಓದಿದ್ದೆ. ಟಿಪ್ಪುವಿನ ಹುಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. 2001ರಿಂದ ಅದನ್ನು ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಡೇರೆ ನೋಡಲು ಮಾತ್ರ ಸದಸ್ಯರಾಗಿರಬೇಕು, ಇಲ್ಲವೇ ಟಿಕೆಟ್ ಕೊಳ್ಳಬೇಕು. ಟಿಪ್ಪು ಎಂದೊಡನೆ ನಮ್ಮಲ್ಲಿ ಈಗ ಎರಡು ಪಂಗಡವಾಗುತ್ತದೆ. ಸ್ಟಾಫ್ ರೂಮಿನಲ್ಲೂ ಆಗಿದೆ. ನಾನು ಆ ಜಗಳಕ್ಕೆ ಹೋಗುವುದಿಲ್ಲ. ನನಗೆ ನೋಡಬೇಕಾಗಿದ್ದದ್ದು ನಮ್ಮ ಸೀಮೆಯಿಂದ ಹೋದ ಒಂದು ಬಟ್ಟೆ.

ಕಾರಿನಲ್ಲಿ ಎರಡು ಗಂಟೆಯ ದಾರಿ. ನಡುವೆ ಶ್ರೂಸ್‌ಬರಿ ಎಂಬ ಪೇಟೆ. ಅದರ ಚೌಕದಲ್ಲಿ ರಾಬರ್ಟ್ ಕ್ಲೈವನ ಪ್ರತಿಮೆ ನಿಂತಿದೆ. ಪ್ಲಾಸಿ ಕದನದ ಕ್ಲೈವನೇ. ಅದನ್ನು ತೆಗೆಯಿರಿ ಎಂದು 2020ರಲ್ಲಿ ಕೆಲವರು ಅರ್ಜಿ ಹಾಕಿದ್ದರು. ತೆಗೆಯಲಿಲ್ಲ. ಅಲ್ಲಿಂದ ಮುಂದೆ ವೇಲ್ಸಿನ ಗಡಿ ದಾಟಿದೊಡನೆ ಹಲಗೆಗಳಲ್ಲಿ ಎರಡೆರಡು ಭಾಷೆ. ರಸ್ತೆಯ ಮೇಲೆ ದೊಡ್ಡಕ್ಷರದಲ್ಲಿ 'ಅರಾಫ್' ಎಂದು ಬರೆದಿತ್ತು. ನಿಧಾನ ಎಂದರ್ಥವಂತೆ. ಇಂಗ್ಲಿಷಿನ ಹಿತ್ತಿಲಲ್ಲೇ ಇದ್ದುಕೊಂಡು ತಮ್ಮ ನುಡಿಯನ್ನು ಡಾಂಬರಿನ ಮೇಲೆ ಬರೆಸಿಕೊಂಡಿದ್ದಾರಲ್ಲ ಎಂದು ಕನ್ನಡದವಳಿಗೆ ಹೊಟ್ಟೆಕಿಚ್ಚಾಯಿತು.

ಪೋವಿಸ್ ಕೆಂಪು ಕಲ್ಲಿನ ಕೋಟೆ. 13ನೇ ಶತಮಾನದಲ್ಲಿ ವೇಲ್ಸಿನ ಅರಸನೊಬ್ಬ ಕಟ್ಟಿದ್ದು. 1587ರಲ್ಲಿ ಹರ್ಬರ್ಟ್ ಮನೆತನದ ಕೈಗೆ ಬಂತು. ಅದರ ಕೆಳಗೆ ಮೆಟ್ಟಿಲುಮೆಟ್ಟಿಲಾಗಿ ಇಳಿಯುವ ತೋಟ, ಆನೆಗಳ ಹಿಂಡು ಮಲಗಿದ ಹಾಗೆ ಉಬ್ಬಿಕೊಂಡ ಯೂ ಮರಗಳ ಬೇಲಿ, ಅಂಗಳದಲ್ಲಿ ನವಿಲು. ಬಾಗಿಲಲ್ಲಿ ಕಾರ್ಡು ತೋರಿಸಿದೆ. ಅಲ್ಲಿದ್ದ ಹುಡುಗಿ ನಗುತ್ತ ಒಳಕ್ಕೆ ಬಿಟ್ಟಳು. ನನ್ನ ಪಕ್ಕದಲ್ಲಿ ಟಿಕೆಟ್ಟಿಗೆ ಪರ್ಸು ತೆಗೆಯುತ್ತಿದ್ದ ದಂಪತಿಗಳನ್ನು ನೋಡಿ, ಸುಳ್ಳೇಕೆ ಹೇಳಲಿ, ಸ್ವಲ್ಪ ಹೆಮ್ಮೆಯೇ ಆಯಿತು.

ಕ್ಲೈವನಿಗೂ ಈ ಕೋಟೆಗೂ ನಂಟು ಮದುವೆಯಿಂದ ಬಂದದ್ದು. ರಾಬರ್ಟ್ ಕ್ಲೈವನ ಮಗ ಎಡ್ವರ್ಡ್ ಕ್ಲೈವ್ 1784ರಲ್ಲಿ ಹರ್ಬರ್ಟ್ ಮನೆತನದ ಹೆಣ್ಣುಮಗಳು ಹೆನ್ರಿಯೆಟ್ಟಾಳನ್ನು ಮದುವೆಯಾದ. ಹುಡುಗಿಗೆ ಹಳೆಯ ಹೆಸರು, ಹುಡುಗನಿಗೆ ಬಂಗಾಳದಿಂದ ಬಂದ ದುಡ್ಡು. ಎಡ್ವರ್ಡ್ 1798ರಲ್ಲಿ ಮದರಾಸಿನ ಗವರ್ನರಾಗಿ ಬಂದ. ಮರುವರ್ಷ, 1799ರ ಮೇ 4ರಂದು, ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಆ ರಾತ್ರಿ ಸಿಪಾಯಿಗಳು ದೋಚಿದ್ದು ಒಂದು, ಆಮೇಲೆ ಕಂಪನಿಯವರು ಪಟ್ಟಿ ಮಾಡಿ ಪದವಿಗೆ ತಕ್ಕಂತೆ ಹಂಚಿಕೊಂಡದ್ದು ಇನ್ನೊಂದು. ಸೇನಾಪತಿ ಹ್ಯಾರಿಸನ ಪಾಲಿಗೆ 1 ಲಕ್ಷ 40 ಸಾವಿರ ಪೌಂಡಿಗೂ ಹೆಚ್ಚು ಬಂತು. ಟಿಪ್ಪುವಿನ ಚಿನ್ನದ ಸಿಂಹಾಸನವನ್ನು ಒಡೆದು ಚೂರು ಮಾಡಿದರು. ಅದರ ಹುಮಾ ಹಕ್ಕಿ ಇಂಗ್ಲೆಂಡಿನ ರಾಜನಿಗೆ ಹೋಯಿತು. ಕಟಕಟೆಯ ಮೇಲಿದ್ದ ರತ್ನಖಚಿತ ಪುಟ್ಟ ಹುಲಿತಲೆಗಳಲ್ಲಿ ಒಂದು ಪೋವಿಸಿಗೆ ಬಂತು. ಅಂಥದೇ ಇನ್ನೊಂದು ತಲೆ ದೇಶ ಬಿಟ್ಟು ಹೊರಗೆ ಹೋಗಬಾರದೆಂದು 2021ರಲ್ಲಿ ಬ್ರಿಟನ್ ಸರಕಾರ ತಡೆಹಿಡಿದಾಗ ಅದರ ಬೆಲೆ 15 ಲಕ್ಷ ಪೌಂಡು ಎಂದು ಕಟ್ಟಿದ್ದರು. ದೇಶ ಬಿಟ್ಟು ಹೋಗಬಾರದು ಎಂಬ ಮಾತನ್ನು ಪತ್ರಿಕೆಯಲ್ಲಿ ಓದಿ ನಾನು ಅಡುಗೆಮನೆಯಲ್ಲಿ ಒಬ್ಬಳೇ ನಕ್ಕಿದ್ದೆ.

ಆದರೆ ಆ ದಿನ ನನ್ನ ಮನಸ್ಸನ್ನು ಹಿಡಿದವಳು ಹೆನ್ರಿಯೆಟ್ಟಾ. ಗವರ್ನರ ಹೆಂಡತಿಯಾಗಿ ಮದರಾಸಿನ ಕೋಟೆಯಲ್ಲಿ ಬೀಸಣಿಗೆ ಹಿಡಿದು ಕೂರುವುದು ಅವಳಿಗೆ ಹಿಡಿಸಲಿಲ್ಲ. ಪಾರಸಿ ಕಲಿತಳು, ಗಿಡ, ಚಿಪ್ಪು, ಕಲ್ಲು ಕೂಡಿಸಿದಳು. 1800ರ ಮಾರ್ಚಿಯಲ್ಲಿ ಗಂಡನನ್ನು ಮದರಾಸಿನಲ್ಲೇ ಬಿಟ್ಟು, ಹದಿಮೂರು, ಹನ್ನೆರಡು ವರ್ಷದ ಇಬ್ಬರು ಹೆಣ್ಣುಮಕ್ಕಳನ್ನೂ ಅವರ ಟೀಚರಮ್ಮನನ್ನೂ ಕರೆದುಕೊಂಡು ಪ್ರವಾಸ ಹೊರಟಳು. ಟೀಚರಮ್ಮನ ಹೆಸರು ಆನ್ನಾ ತೊನೆಲ್ಲಿ, ಇಟಲಿಯ ಚಿತ್ರಗಾರ್ತಿ. ನೂರಾರು ಆಳುಕಾಳು, ಆನೆ, ಎತ್ತಿನ ಗಾಡಿಗಳ ಜೊತೆ ನಾಲ್ಕು ಹೆಂಗಸರ ದಂಡು ವೆಲ್ಲೂರು ದಾಟಿ ಬೆಂಗಳೂರಿಗೆ ಬಂತು, ಟಿಪ್ಪುವಿನ ಅರಮನೆಯಲ್ಲಿ ತಂಗಿತು. ಅಲ್ಲಿಂದ ಶ್ರೀರಂಗಪಟ್ಟಣ. ಆಮೇಲೆ ಕೊಯಮತ್ತೂರು, ತಿರುಚಿನಾಪಳ್ಳಿ, ತಂಜಾವೂರು ಸುತ್ತಿ ಅಕ್ಟೋಬರಿನಲ್ಲಿ ಮದರಾಸಿಗೆ ವಾಪಸು. ಕಿರಿಯ ಮಗಳು ಷಾರ್ಲಟ್ ದಾರಿಯುದ್ದಕ್ಕೂ ದಿನಚರಿ ಬರೆದಳು. ಈ ಹುಡುಗಿಯೇ ಮುಂದೆ ಡಚೆಸ್ ಆಗಿ, ವಿಕ್ಟೋರಿಯಾ ರಾಣಿ ಇನ್ನೂ ಹುಡುಗಿಯಾಗಿದ್ದಾಗ ಅವಳ ಶಿಕ್ಷಣದ ಮೇಲ್ವಿಚಾರಣೆ ನೋಡಿಕೊಂಡವಳು. ಶ್ರೀರಂಗಪಟ್ಟಣದ ಕೋಟೆ ನೋಡಿದ ಹುಡುಗಿ ವಿಕ್ಟೋರಿಯಾಳಿಗೆ ಗುರುವಾದಳು ಎಂದು ನಮ್ಮ ಪಠ್ಯಪುಸ್ತಕದಲ್ಲಿ ಒಂದು ಸಾಲಿದ್ದರೆ ಮಕ್ಕಳು ಮರೆಯುತ್ತಾರೆಯೇ? ತೊನೆಲ್ಲಿಯಂತೂ ನನ್ನ ಜಾತಿಯವಳು: ಸಂಬಳಕ್ಕೆ ದುಡಿಯುವ ಟೀಚರು, ಬೇರೆಯವರ ಮಕ್ಕಳ ಹಿಂದೆ ಬಿಸಿಲಿನಲ್ಲಿ ಅಲೆದವಳು. ಟಿಪ್ಪುವಿನ ಚಿತ್ರವನ್ನೂ ಬರೆದಳು. ಆ ದಂಡಿನಲ್ಲಿ ನಿಂಬೆಹಣ್ಣಿನ ಲೆಕ್ಕ ಇಟ್ಟವಳು ಅವಳೇ ಇದ್ದಿರಬೇಕು.

ಡೇರೆ ಇರುವ ಕೋಣೆ ಮಬ್ಬುಗತ್ತಲು. ಬಟ್ಟೆಯ ಬಣ್ಣ ಹೋಗಬಾರದೆಂದು ದೀಪ ಸಣ್ಣಗೆ ಇಟ್ಟಿರುತ್ತಾರೆ. ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಒಂದೊಂದಾಗಿ ಹೂವುಗಳು ಕಾಣತೊಡಗಿದವು. ಬಿಳಿಯ ಹತ್ತಿಬಟ್ಟೆಯ ಮೇಲೆ ಕಮಾನು, ಕಮಾನಿನೊಳಗೆ ಹೂದಾನಿ, ಹೂದಾನಿಯಿಂದ ಎರಡೂ ಕಡೆಗೆ ಸಮವಾಗಿ ಬಾಗಿದ ಕೆಂಪು ಹೂವು, ಹಸುರು ಎಲೆ. ಮತ್ತೆ ಕಮಾನು, ಮತ್ತೆ ಹೂದಾನಿ. ನಮ್ಮ ಅಜ್ಜಿಯರು ಚೀಟಿ ಬಟ್ಟೆ ಎನ್ನುತ್ತಿದ್ದರಲ್ಲ, ಆ ಜಾತಿಯದು. ಅಜ್ಜಿಯ ಟ್ರಂಕಿನ ತಳಕ್ಕೆ ಹಾಸಿದ್ದ ತುಂಡೊಂದು ಹೀಗೇ ಇತ್ತು. ಕಾವಲಿಗೆ ಯಾರೂ ಇಲ್ಲದಿದ್ದರೆ ಬೆರಳು ಸವರಿಬಿಡುತ್ತಿದ್ದೆನೇನೋ.

ಬಲ್ಲವರ ಅಂದಾಜಿನಲ್ಲಿ ಈ ಬಟ್ಟೆ 1725ರಿಂದ 1750ರ ನಡುವಿನದು, ಬಹುಶಃ ಬುರ್ಹಾನ್‌ಪುರದಲ್ಲಿ ಮಾಡಿದ್ದು. ಅಂದರೆ ಟಿಪ್ಪು ಹುಟ್ಟುವುದಕ್ಕೂ ಮೊದಲು. ಅವನಿಗೂ ಅದು ಯಾರದೋ ಕೈಯಿಂದ ಬಂದದ್ದೇ. ಕೊಂಡನೋ, ಗೆದ್ದನೋ, ಅಪ್ಪನಿಂದ ಬಂತೋ. ಅವನ ಕೈಯಿಂದ ಕ್ಲೈವರ ಕೈಗೆ. ಪೋವಿಸಿನವರು ಇದನ್ನು ತೋಟದ ಔತಣಗಳಿಗೆ ಚಪ್ಪರದ ಹಾಗೆ ಹಾಕಿಸುತ್ತಿದ್ದರಂತೆ. ಯುದ್ಧಕ್ಕೆ ಹೊರಟ ಡೇರೆಯ ಕೆಳಗೆ ಮಳೆಗೆ ಮೈಯೊಡ್ಡಿದ ಇಂಗ್ಲಿಷ್ ಕೇಕು. 1952ರಲ್ಲಿ ಕೋಟೆ ಟ್ರಸ್ಟಿಗೆ ಬಂತು. 1987ರಲ್ಲಿ ಈ ಸಂಗ್ರಹಕ್ಕೆಂದೇ ಮ್ಯೂಸಿಯಂ ಮಾಡಿದರು. ಚರಿತ್ರೆಯ ಟೀಚರಾಗಿ ಇದನ್ನು ನಾನು ಒಪ್ಪಲೇಬೇಕು: ಹೀಗೆ ಕತ್ತಲೆಯಲ್ಲಿ ಎತ್ತಿಟ್ಟಿದ್ದಕ್ಕೇ ಇದು ಉಳಿದಿದೆ. ಟಿಪ್ಪು ವಾಸವಾಗಿದ್ದ ಲಾಲ್ ಮಹಲ್ ಶ್ರೀರಂಗಪಟ್ಟಣದಲ್ಲಿ ಈಗ ಬರಿಯ ಅಡಿಪಾಯ. ಮಕ್ಕಳಿಗೆ ತೋರಿಸುವಾಗ 'ಇಲ್ಲಿತ್ತು' ಎಂದು ನೆಲವನ್ನು ತೋರಿಸುತ್ತೇನೆ. ಅದನ್ನೂ ಒಡೆಸಿದ್ದು ಇಂಗ್ಲಿಷರ ಕಾಲದಲ್ಲೇ ಎಂಬುದನ್ನೂ ಹೇಳುತ್ತೇನೆ. ಎರಡೂ ಮಾತು ನಿಜ. ಒಂದು ಇನ್ನೊಂದನ್ನು ಕಳೆಯುವುದಿಲ್ಲ.

ಕೋಣೆಯಲ್ಲಿ ಕಾವಲಿಗಿದ್ದ ಸ್ವಯಂಸೇವಕಿ ಎಪ್ಪತ್ತರ ಸಮೀಪದ ಹೆಂಗಸು. ನನ್ನ ಸೀರೆ ನೋಡಿ ಎದ್ದು ಬಂದರು. ಮಗಳ ಸಹಾಯದಿಂದ ಮಾತಾಡಿದೆವು. ಶ್ರೀರಂಗಪಟ್ಟಣ ನಮ್ಮ ಮನೆಯಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿ ಎಂದಾಗ ಅವರು ಕೈಯನ್ನು ಎದೆಯ ಮೇಲಿಟ್ಟುಕೊಂಡರು. "ಅವನ ಮನೆ ಈಗಲೂ ಇದೆಯೇ?" ಎಂದು ಕೇಳಿದರು. ಬೇಸಿಗೆಯ ಅರಮನೆ ದರಿಯಾ ದೌಲತ್ ಇದೆ, 1784ರದು, ಅದರ ಗೋಡೆಯ ಮೇಲೂ ಇಂಥವೇ ಹೂಬಳ್ಳಿ ಇವೆ, ಹೊರಗೋಡೆಯ ಮೇಲೆ ಪೊಳ್ಳಿಲೂರಿನಲ್ಲಿ ಇಂಗ್ಲಿಷರು ಸೋತ ಯುದ್ಧದ ಚಿತ್ರವಿದೆ ಎಂದೆ. ಅವರು ನಕ್ಕರು. ತಾವೂ ನಿವೃತ್ತ ಶಿಕ್ಷಕಿ, ಬಹಳ ವರ್ಷದಿಂದ ಸದಸ್ಯೆ ಎಂದರು. ಟ್ರಸ್ಟು 2020ರಲ್ಲಿ ಒಂದು ವರದಿ ತಂದು, ತನ್ನ ಕೈಯಲ್ಲಿರುವ 93 ಜಾಗಗಳಿಗೆ ವಸಾಹತು ಮತ್ತು ಗುಲಾಮರ ವ್ಯಾಪಾರದ ನಂಟಿದೆ ಎಂದು ತಾನೇ ಹೇಳಿತ್ತು. ಪೋವಿಸ್ ಅದರಲ್ಲಿ ಒಂದು. ಆಗ ಕೆಲವು ಸದಸ್ಯರು ಸಿಡಿಮಿಡಿಗೊಂಡರಂತೆ. "ನನಗೆ ಗೊತ್ತಿರಬೇಕಾದ್ದೇ ಅದು" ಎಂದರು ಆಕೆ. ಆಮೇಲೆ ಮೆಲ್ಲಗೆ ಕೇಳಿದರು, "ನಿಮ್ಮ ಶಾಲೆಯ ಮಕ್ಕಳು ಇದನ್ನು ನೋಡಿದರೆ ಏನನ್ನುತ್ತಾರೆ?"

ಮಗಳು ತರ್ಜುಮೆ ಮಾಡಿದಳು. ಉತ್ತರ ನನ್ನ ಬಾಯಿಗೆ ಬರಲಿಲ್ಲ.

ನನಗೆ ಬೇರೊಂದು ನೆನಪು ಬಂದಿತ್ತು. 2004ರ ಡಿಸೆಂಬರು. ಶ್ರೀರಂಗಪಟ್ಟಣ, ಮೈಸೂರು ಮೃಗಾಲಯ, ಕನ್ನಂಬಾಡಿ ಒಂದೇ ದಿನ. ತಲೆಗೆ 90 ರೂಪಾಯಿ. ಏಳನೇ ಕ್ಲಾಸಿನ ಒಬ್ಬ ಹುಡುಗಿಯ ಅಪ್ಪ ಕಬ್ಬು ಕಡಿಯುವ ಆಳು. ಹಿಂದಿನ ದಿನ ಶಾಲೆಯ ಬಾಗಿಲಿಗೆ ಬಂದು ಟವೆಲ್ಲು ಕಂಕುಳಿಗೆ ಸೇರಿಸಿಕೊಂಡು ನಿಂತ. "ಮೇಡಮ್ನೋರೆ, ಈ ಸಲ ಆಗಕಿಲ್ಲ. ಬಟವಾಡೆ ಆಗಿಲ್ಲ. ಮಗ ರಾತ್ರಿಯೆಲ್ಲ ಅಳ್ತಾವ್ಳೆ" ಎಂದ. ನನ್ನ ಕೈಯಲ್ಲಿ ಆ ತಿಂಗಳು ಇರಲಿಲ್ಲವೆಂದಲ್ಲ. ಅದೇ ವಾರ 650 ರೂಪಾಯಿಯ ಸೀರೆ ಕೊಂಡಿದ್ದೆ. ಒಬ್ಬಳಿಗೆ ಕೊಟ್ಟರೆ ನಾಳೆ ಹತ್ತು ಜನ ಬಂದು ನಿಲ್ಲುತ್ತಾರೆ ಎಂದು ಜೊತೆಯ ಟೀಚರೊಬ್ಬರು ಹೇಳಿದರು. ಹೌದು ಎಂದು ನಾನೂ ತಲೆಯಾಡಿಸಿದೆ. ದರಿಯಾ ದೌಲತ್ತಿನಲ್ಲಿ ಅವಳಿಗೆ ಟಿಕೆಟ್ಟೇ ಇರಲಿಲ್ಲ. ಬಾಗಿಲವರೆಗೆ ಹೋಗುವ ಬಸ್ಸಿಗೆ ದುಡ್ಡಿರಲಿಲ್ಲ, ಅಷ್ಟೆ. ಮಾರನೆಯ ದಿನ ಅವಳು ನನ್ನ ಮೇಜಿನ ಹತ್ತಿರ ಬಂದು, "ಒಳಗೆ ಗೋಡೆ ಮೇಲೆ ಏನೇನಿತ್ತು ಮಿಸ್?" ಎಂದು ಕೇಳಿದಳು. ಸೀಮೆಸುಣ್ಣದಲ್ಲಿ ಬೋರ್ಡಿನ ಮೇಲೆ ಒಂದು ಕಮಾನು, ಒಂದು ಹೂಬಳ್ಳಿ ಬರೆದು ತೋರಿಸಿದೆ. ಅವಳು ಅದನ್ನು ನೋಟ್ಸಿನಲ್ಲಿ ಇಳಿಸಿಕೊಂಡಳು, ಬಣ್ಣ ಯಾವುದು ಎಂದು ಕೇಳಿ ಪಕ್ಕದಲ್ಲಿ ಬರೆದುಕೊಂಡಳು. ಮುಂದಿನ ವರ್ಷ ಹೈಸ್ಕೂಲಿಗೆ ಸೇರಲಿಲ್ಲ.

ಪೋವಿಸಿನ ಆ ಕತ್ತಲೆ ಕೋಣೆಯಲ್ಲಿ ಎದುರಿಗಿದ್ದದ್ದು ಅದೇ ಕಮಾನು. ನನ್ನ ಪಾಲಿನ ದುಡ್ಡನ್ನು ಯಾರೋ ಕಟ್ಟಿದ್ದರು, ನಾನು ಬಂದು ನಿಂತಿದ್ದೆ. ನನ್ನ ಕಣ್ಣಲ್ಲಿ ನೀರು ನೋಡಿ ಸ್ವಯಂಸೇವಕಿ ತಪ್ಪು ತಿಳಿದರು. ನನ್ನ ಕೈ ಹಿಡಿದು, ಕ್ಷಮಿಸಿ ಎಂಬಂತೆ ಏನೋ ಹೇಳಿದರು. ಅವರ ದೇಶದ ಪರವಾಗಿ ಇರಬೇಕು. ಅದು ಹಾಗಲ್ಲ ಎಂದು ಬಿಡಿಸಿ ಹೇಳುವಷ್ಟು ಇಂಗ್ಲಿಷು ನನಗೆ ಬರಲಿಲ್ಲ. ಮಗಳಿಗೆ ಹೇಳಿ ತರ್ಜುಮೆ ಮಾಡಿಸುವ ಧೈರ್ಯವೂ ಆಗಲಿಲ್ಲ. ಅವರ ಕೈಯನ್ನು ಹಾಗೇ ಹಿಡಿದುಕೊಂಡು ನಿಂತೆ.

ವಾಪಸು ಬರುವಾಗ ಕಾರಿನಲ್ಲಿ ಮಗಳಿಗೆ ಆ ಹುಡುಗಿಯ ಕಥೆ ಹೇಳಿದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅದಕ್ಕೇ ನೀನು ಆಮೇಲಾಮೇಲೆ ಪ್ರವಾಸಕ್ಕೆ ನಾಲ್ಕು ಮಕ್ಕಳ ದುಡ್ಡು ಕೈಯಿಂದ ಹಾಕ್ತಿದ್ದದ್ದು. ಅಪ್ಪ ರೇಗ್ತಿದ್ದರು" ಎಂದಳು. ಅವಳಿಗೆ ಗೊತ್ತಿತ್ತೆಂಬುದು ನನಗೆ ಗೊತ್ತಿರಲಿಲ್ಲ.

ರಾತ್ರಿ ಖಾತೆ ಕೂಡಿಸಿದೆ. ಐದು ಜಾಗ, 75 ಪೌಂಡು. ಇನ್ನೂ 16 ಪೌಂಡು ಹುಟ್ಟಿರಲಿಲ್ಲ. ಭಾನುವಾರ ಒಂದು ಕಡೆ ಹೋಗಿಬರೋಣವೆಂದು ಮಗಳು ಒತ್ತಾಯಿಸಿದಳು. ಬೇಡ ಎಂದೆ. ಪೆಟ್ಟಿಗೆ ಕಟ್ಟಬೇಕಿತ್ತು, ಮೊಮ್ಮಗನಿಗೆ ಕೋಡುಬಳೆ ಕರಿದಿಡಬೇಕಿತ್ತು.

ಮುಂದಿನ ಡಿಸೆಂಬರಿನ ಪ್ರವಾಸದಲ್ಲಿ ದರಿಯಾ ದೌಲತ್ತಿನ ಗೋಡೆಯ ಮುಂದೆ ಮಕ್ಕಳಿಗೆ ಡೇರೆಯ ವಿಷಯ ಹೇಳಿದೆ. ಹೆನ್ರಿಯೆಟ್ಟಾ, ಅವಳ ಹೆಣ್ಣುಮಕ್ಕಳು, ಬಿಸಿಲಲ್ಲಿ ಕೂತು ಚಿತ್ರ ಬರೆದ ಟೀಚರಮ್ಮ. ಹಿಂದೆ ನಿಂತಿದ್ದ ಒಬ್ಬ ಹುಡುಗ, "ಅಲ್ಲಿಗೆ ಹೋಗಕ್ಕೆ ಎಷ್ಟಾಯ್ತದೆ ಮಿಸ್?" ಎಂದ. ವಿಮಾನದ ಟಿಕೆಟ್ಟಿನಿಂದ ಶುರುಮಾಡಿ ಕಾರ್ಡಿನವರೆಗೆ ಒಂದೊಂದಾಗಿ ಹೇಳಿದೆ. ಎಲ್ಲ ಕೂಡಿಸಿ ಅವನೇ ಮೊತ್ತ ಹೇಳಿದ. ಲೆಕ್ಕ ಸರಿಯಾಗಿತ್ತು.

2025ರ ಏಪ್ರಿಲ್‌ಗೆ ಕಾರ್ಡಿನ ಅವಧಿ ಮುಗಿಯಿತು. ಆ ವರ್ಷ ಶುಲ್ಕ ಮತ್ತೂ ಏರಿತ್ತು. ನನ್ನದನ್ನು ಮುಂದುವರಿಸಬೇಡ, ದಂಡ ಎಂದು ಫೋನಿನಲ್ಲಿ ಹೇಳಿದೆ. ಮಗಳು ಹೂಂ ಎಂದಳು. ಆಮೇಲೆ ಅಳಿಯಂದಿರಿಂದ ತಿಳಿಯಿತು, ಬ್ಯಾಂಕಿನಿಂದ ಅದು ತಾನಾಗಿಯೇ ಕಡಿತವಾಗುತ್ತಿತ್ತಂತೆ, ಅವಳು ನಿಲ್ಲಿಸಲೇ ಇಲ್ಲವಂತೆ. ಕೇಳಿದ್ದಕ್ಕೆ ಜಗಳಕ್ಕೇ ಬಂದಳು.

"ನಿಲ್ಲಿಸೋಕೆ ಹೋದರೆ ಕಾರಣ ಏನು ಅಂತ ಕೇಳ್ತಾರಮ್ಮ. ಅಮ್ಮ ಇನ್ನು ಬರೋದಿಲ್ಲ ಅಂತ ನಾನೇ ಹೇಗೆ ಹೇಳಲಿ? ಇನ್ನೂ ಹದಿನಾರು ಪೌಂಡು ಬಾಕಿ ಇದೆ ಅಂತ ನೀನೇ ಬರೆದಿಟ್ಟು ಹೋಗಿದ್ದೀಯಲ್ಲ."